ಎರಡನೇ ಬ್ರೇಕು

ಅವರ ಡ್ರೈವಿಂಗ್ ಸ್ಕೂಲಿನ ಬೋರ್ಡಿನ ಮೇಲೆ ಏನೋ ಒಂದು ಹೆಸರಿದೆ. ಅದನ್ನು ಯಾರಾದರೂ ಓದಿದ್ದಾರೆ ಅನ್ನುವುದಕ್ಕೆ ಸಾಕ್ಷಿಯಿಲ್ಲ. ಊರಿಗೆಲ್ಲ ಅವರು ನಿಧಾನ ಮೇಷ್ಟ್ರು. ಇಪ್ಪತ್ತಾರು ವರ್ಷದಿಂದ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಅವರು ಆಡಿದ ಮಾತಿನಲ್ಲಿ ಅರ್ಧ ಪಾಲು "ನಿಧಾನ, ನಿಧಾನ" ಅನ್ನುವುದೇ. ಉಳಿದ ಅರ್ಧದಲ್ಲಿ "ಪರವಾಗಿಲ್ಲ ಬಿಡಿ" ಅನ್ನುವುದು ಒಂದಿಷ್ಟು, ಕೆಮ್ಮು ಒಂದಿಷ್ಟು. ಬೈಗುಳ ಮಾತ್ರ ಹುಡುಕಿದರೂ ಸಿಗದು.

ತಮ್ಮ ಪಾಲಿನ ಬೈಗುಳವನ್ನೆಲ್ಲ ಅವರು ಹದಿನೆಂಟನೇ ವಯಸ್ಸಿನಲ್ಲೇ ತಿಂದು ಮುಗಿಸಿದ್ದರು. ಲಾರಿ ಓಡಿಸಲು ಕಲಿಸಿದ್ದು ಸೋದರಮಾವ. ಆ ಮಹಾನುಭಾವನ ಪಾಠದ ಕ್ರಮ ಬಹಳ ಸುಲಭ. ಗೇರು ತಪ್ಪಿದರೆ ತಲೆಗೊಂದು ಮೊಟಕು, ಸರಿಬಿದ್ದರೆ ಇನ್ನೊಂದು, ಮುಂದೆ ತಪ್ಪದಿರಲಿ ಅಂತ. ಹುಡುಗನಿಗೆ ಒಮ್ಮೆ ಹೇಳಿದ್ದು ತಲೆಗೆ ಹೋಗುತ್ತಿರಲಿಲ್ಲ, ನಾಲ್ಕು ಸಲ ಬೇಕಾಗುತ್ತಿತ್ತು. ಮಾವ ಎರಡನೇ ಸಲಕ್ಕೇ ಮೊಟಕುತ್ತಿದ್ದ. ಆಗ ಮೊದಲು ಕಲಿತದ್ದೂ ಹಾರಿಹೋಗುತ್ತಿತ್ತು. ಮುಂದೆ ತಾನು ಯಾರಿಗಾದರೂ ಕಲಿಸುವ ದಿನ ಬಂದರೆ ಐದು ಸಲ ಹೇಳುತ್ತೇನೆ, ಆರನೇ ಸಲಕ್ಕೂ ನಗುತ್ತೇನೆ ಅಂತ ಆ ಹುಡುಗ ನಿರ್ಧಾರ ಮಾಡಿಕೊಂಡಿದ್ದ. ಮಾತು ಉಳಿಸಿಕೊಂಡ ಕೂಡ.

ಹಾಗಾಗಿ ಬೇರೆ ಸ್ಕೂಲಿನವರು "ಇವರ ತಲೆಗೆ ಹತ್ತಲ್ಲ" ಅಂತ ಕೈ ತೊಳೆದುಕೊಂಡವರೆಲ್ಲ ಕೊನೆಗೆ ಮೇಷ್ಟ್ರ ಬಾಗಿಲಿಗೇ ಬರುತ್ತಿದ್ದರು. ಒಬ್ಬೊಬ್ಬರು ಹೇಗೆ ಕಲಿಯುತ್ತಾರೆ ಅಂತ ಬರೆದಿಡಲು ಅವರ ಹತ್ತಿರ ನೀಲಿ ರಟ್ಟಿನ ಒಂದು ಪುಸ್ತಕವಿತ್ತು. "ವಾಚ್‌ಮನ್. ಒಂದು ಕಿವಿ ಕೇಳದು. ಮಾತು ಬೇಡ, ಭುಜ ತಟ್ಟು." "ನಿವೃತ್ತ ಹೆಡ್‌ಮಾಸ್ಟರು. ಯಾರಾದರೂ ನೋಡಿದರೆ ಬೆವರುತ್ತಾರೆ. ಖಾಲಿ ರಸ್ತೆ. ಹೊಗಳಬೇಡ, ಅನುಮಾನ ಪಡುತ್ತಾರೆ." "ಟೈಲರ್ ಹುಡುಗಿ. ಹೇಳಿದ್ದು ನಿಲ್ಲದು, ಚಿತ್ರ ಬರೆದರೆ ನಿಲ್ಲುತ್ತದೆ." ಹೀಗೆ ಒಬ್ಬೊಬ್ಬರಿಗೆ ಒಂದೊಂದು ಪುಟ. ಹೆಂಡತಿಗೂ ಒಂದು ಪುಟವಿತ್ತು. ಹದಿನೈದು ವರ್ಷದ ಹಿಂದೆ ಆಕೆ ಇಪ್ಪತ್ತೆಂಟು ದಿನ ಕಲಿತು, ಇಪ್ಪತ್ತೊಂಬತ್ತನೇ ದಿನ ಕಾರಿನ ಕೀಲಿಯನ್ನು ಊಟದ ಮೇಜಿನ ಮೇಲಿಟ್ಟು, "ಆ ಗಾಡಿ ನನ್ನ ಮಾತು ಕೇಳಲ್ಲ ರೀ, ಬಿಡಿ" ಅಂದಿದ್ದರು. ಮೇಷ್ಟ್ರು ಬಿಟ್ಟರು. ಆ ಪುಟದಲ್ಲಿ ಬರೆದದ್ದು ಎರಡೇ ಪದ: "ಆಸಕ್ತಿ ಇಲ್ಲ."

ಕಲಿಸುವ ಕಾರಿನಲ್ಲಿ ಎರಡು ಬ್ರೇಕು ಇರುತ್ತವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿ. ಎರಡಕ್ಕೂ ಒಳಗೆ ಒಂದೇ ಕೊಂಡಿ. ಇದನ್ನು ಒತ್ತಿದರೆ ಅದೂ ಕೆಳಗಿಳಿಯುತ್ತದೆ. ಈ ಎರಡನೇ ಬ್ರೇಕಿನ ಕೃಪೆಯಿಂದ ನಮ್ಮ ಮೇಷ್ಟ್ರ ಕಾರು ಇಪ್ಪತ್ತಾರು ವರ್ಷದಲ್ಲಿ ಒಂದು ಗೋಡೆಯನ್ನೂ ಮುಟ್ಟಿರಲಿಲ್ಲ. ಅದನ್ನು ಹೇಳಿಕೊಳ್ಳುವಾಗ ಮಾತ್ರ ಅವರು ನಿಧಾನ ಮರೆತು ಜೋರಾಗಿ ಮಾತಾಡುತ್ತಿದ್ದರು. ಅವರ ಪಾದಕ್ಕೆ ಅಭ್ಯಾಸ ಎಷ್ಟೆಂದರೆ, ಮನೆಯಲ್ಲಿ ಹೆಂಡತಿ ತುಂಬಿದ ಪಾತ್ರೆ ಹಿಡಿದು ಅಡುಗೆಮನೆಯಿಂದ ಸ್ವಲ್ಪ ಬಿರುಸಾಗಿ ಬಂದರೂ ಸಾಕು, ಕುರ್ಚಿಯಲ್ಲಿ ಕೂತವರ ಕಾಲು ನೆಲ ಒತ್ತುತ್ತಿತ್ತು.

"ನೆಲಕ್ಕೆ ಬ್ರೇಕ್ ಇಲ್ಲ ರೀ. ನಾನೇ ನಿಲ್ತೀನಿ, ಇರಿ," ಅನ್ನುತ್ತಿದ್ದರು ಆಕೆ.

ಇಂಥ ಮೇಷ್ಟ್ರ ಆಫೀಸಿಗೆ ಒಂದು ಬೆಳಗ್ಗೆ ಬೆಲ್ಟಮ್ಮ ಬಂದರು. ಆ ಹೆಸರಿಟ್ಟವರು ಅವರ ವ್ಯಾನಿನ ಮಕ್ಕಳು. ಮಾತು ತಡವಾಗಿ ಬರುವ, ನಡಿಗೆ ತಡವಾಗಿ ಬರುವ, ಎಲ್ಲದಕ್ಕೂ ಒಂದು ಸುತ್ತು ಹೆಚ್ಚು ಹೇಳಿಸಿಕೊಳ್ಳುವ ಮಕ್ಕಳ ಶಾಲೆಯ ವ್ಯಾನು ಅದು. ಹನ್ನೊಂದು ಮಕ್ಕಳು. ಒಂಬತ್ತು ವರ್ಷದಿಂದ ಬೆಲ್ಟಮ್ಮ ಅದರ ಆಯಾ. ಹತ್ತುವಾಗ "ಬೆಲ್ಟು", ಕೂತಾಗ "ಬೆಲ್ಟು", ಹೊರಡುವಾಗ "ಬೆಲ್ಟು" ಅಂತ ದಿನಕ್ಕೆ ನೂರು ಸಲ ಹೇಳಿ ಹೇಳಿ ಈ ಹೆಸರು ಸಂಪಾದಿಸಿದ್ದರು. ವಯಸ್ಸು ನಲವತ್ತೆರಡು. ಬಂದವರು ಕುರ್ಚಿಯ ತುದಿಯಲ್ಲಿ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು ಒಂದೇ ಉಸಿರಿಗೆ ಹೇಳಿದರು.

"ಮೇಷ್ಟ್ರೇ, ಮೊದಲೇ ಹೇಳ್ಬಿಡ್ತೀನಿ. ನನಗೆ ಎಡ ಬಲ ಗೊತ್ತಾಗಲ್ಲ. ಮೂರು ಮಾತು ಒಟ್ಟಿಗೆ ಹೇಳಿದ್ರೆ ಮೊದಲನೇದು ಬಿದ್ದೋಗತ್ತೆ. ಅಕ್ಷರ ನೋಡಿದ್ರೆ ಇರುವೆ ಹರಿದ ಹಾಗೆ ಕಾಣತ್ತೆ. ನಾಲ್ಕನೇ ಕ್ಲಾಸಲ್ಲಿ ಟೀಚರ್ರು ಮನೆಗೆ ಹೋಗು ಅಂದ್ರು, ಹೋದೆ. ಮತ್ತೆ ಯಾರೂ ಬಾ ಅನ್ನಲಿಲ್ಲ. ಇಷ್ಟಿದ್ದೂ ನನಗೆ ಗಾಡಿ ಕಲಿಸ್ತೀರಾ?"

"ವಾಚ್ ಯಾವ ಕೈಗೆ ಕಟ್ತೀರಮ್ಮ?"

"ಇದಕ್ಕೆ. ಯಾವಾಗ್ಲೂ ಇದಕ್ಕೇ."

"ಸಾಕು. ನನ್ನ ಕಾರಲ್ಲಿ ಎಡ ಬಲ ಅಂತ ಇಲ್ಲ. ವಾಚಿನ ಕಡೆ, ಬರಿಗೈ ಕಡೆ. ಇನ್ನೇನು ತೊಂದರೆ ಇದೆ, ಹೇಳಿ."

ಬೆಲ್ಟಮ್ಮ ಮೊದಲ ಸಲ ಕುರ್ಚಿಗೆ ಒರಗಿ ಕೂತರು. ಇನ್ನೊಂದು ತೊಂದರೆ ಇತ್ತು, ಅದೇ ದೊಡ್ಡದು. ವ್ಯಾನಿನ ಡ್ರೈವರಿಗೆ ವಯಸ್ಸಾಗಿತ್ತು, ರಜೆ ಮುಗಿದ ಮೇಲೆ ಬರುವುದಿಲ್ಲ ಅಂದಿದ್ದರು. ಶಾಲೆ ತೆರೆಯುವುದರೊಳಗೆ ಲೈಸೆನ್ಸ್ ತಂದರೆ ಆ ಸೀಟು ಬೆಲ್ಟಮ್ಮನಿಗೆ, ಆಗ ಆಯಾ ಕೆಲಸಕ್ಕೆ ಬೇರೆಯವರನ್ನು ಹುಡುಕಿಕೊಳ್ಳುತ್ತೇವೆ ಅಂತ ಶಾಲೆಯ ಮ್ಯಾನೇಜರ್ ಮಾತು ಕೊಟ್ಟಿದ್ದರು. ತರದಿದ್ದರೆ ಬೇರೆ ಡ್ರೈವರ್ ಸಿದ್ಧನಾಗಿದ್ದ. ಅವನು ಹೆಂಡತಿಯನ್ನೇ ಆಯಾ ಮಾಡಿಕೊಂಡು ಬರುತ್ತೇನೆ ಅಂದಿದ್ದನಂತೆ. ಸಿಕ್ಕರೆ ಸ್ಟೇರಿಂಗು, ಸಿಗದಿದ್ದರೆ ವ್ಯಾನೇ ಇಲ್ಲ, ಆ ಹನ್ನೊಂದು ಮಕ್ಕಳೂ ಇಲ್ಲ.

"ಕೆಲಸ ಬೇರೆ ಕಡೆ ಸಿಗಬಹುದು ಮೇಷ್ಟ್ರೇ. ಆ ಮಕ್ಕಳು ಸಿಗಲ್ಲ," ಅಂದರು ಬೆಲ್ಟಮ್ಮ.

ಪಾಠ ಶುರುವಾಯಿತು. ಮೊದಲ ಎರಡು ದಿನ ಎಂಜಿನ್ನಿಗೆ ಕೀಲಿಯನ್ನೇ ಹಾಕಲಿಲ್ಲ. ಸೀಟು, ಬೆಲ್ಟು, ಕನ್ನಡಿ, ಅಷ್ಟೇ. ಬೆಲ್ಟಿನ ಪಾಠವನ್ನು ಬೆಲ್ಟಮ್ಮನೇ ಮೇಷ್ಟ್ರಿಗೆ ಮಾಡಿದರು. ಆಮೇಲೆ ದಿನಕ್ಕೊಂದೇ ಸಂಗತಿ. ಸ್ಟೇರಿಂಗಿನ ನೆತ್ತಿಗೆ ಮೇಷ್ಟ್ರು ಹಳದಿ ಟೇಪು ಸುತ್ತಿದರು. ಚಕ್ರ ನೇರ ಇದೆಯೋ ಇಲ್ಲವೋ ಅನ್ನುವುದನ್ನು ನೆನಪಿಡಬೇಕಿಲ್ಲ, ಟೇಪು ಮೇಲೆ ಬಂತಾ ನೋಡಿದರೆ ಸಾಕು. ಮಾಡುವುದನ್ನೆಲ್ಲ ಬಾಯಲ್ಲಿ ಹೇಳುತ್ತಾ ಮಾಡಬೇಕು ಅನ್ನುವುದು ಇನ್ನೊಂದು ನಿಯಮ. "ಕ್ಲಚ್ ಒತ್ತಿದೆ, ಗೇರ್ ಹಾಕಿದೆ, ಕನ್ನಡಿ ನೋಡಿದೆ, ಯಾರೂ ಇಲ್ಲ, ಹೊರಟೆ" ಅಂತ ಬೆಲ್ಟಮ್ಮ ಗಟ್ಟಿಯಾಗಿ ಹೇಳಿಕೊಂಡು ಹೋಗುತ್ತಿದ್ದರೆ ಪಕ್ಕದ ಸ್ಕೂಟರಿನವರು ತಿರುಗಿ ನೋಡುತ್ತಿದ್ದರು. ಕ್ರಮ ತಪ್ಪಿದರೆ ಬಾಯಿ ತಡವರಿಸುತ್ತಿತ್ತು. ಬಾಯಿ ತಡವರಿಸಿದ ಕೂಡಲೇ ಕೈ ತಾನಾಗಿ ನಿಲ್ಲುತ್ತಿತ್ತು. ಹೇಳಿಕೊಡುವ ಅಗತ್ಯವೇ ಇರಲಿಲ್ಲ.

ಸಂಜೆ ಮೇಷ್ಟ್ರ ಮನೆಯ ಊಟದ ಮೇಜಿನ ಮೇಲೆ ಆಟಿಕೆ ಕಾರು, ಬೆಂಕಿಪೊಟ್ಟಣದ ಮನೆಗಳು, ಸೀಮೆಸುಣ್ಣದ ರಸ್ತೆ. ಮೇಷ್ಟ್ರ ಹೆಂಡತಿ ಸಕ್ಕರೆ ಡಬ್ಬಿಯನ್ನು ಬಸ್ಸು ಮಾಡಿ ತಂದು ಅಡ್ಡ ನಿಲ್ಲಿಸುತ್ತಿದ್ದರು.

"ಬಸ್ಸಿನ ಹಿಂದಿಂದ ಯಾರಾದ್ರೂ ಇಳಿದು ಓಡಿ ಬರಬಹುದು ಅಲ್ವಾ? ಅದಕ್ಕೆ ಇಲ್ಲೇ ವೇಗ ಇಳಿಸ್ಬೇಕು," ಅಂತ ಆಕೆಯೇ ಒಂದು ಸಂಜೆ ಹೇಳಿದರು. ಬೆಲ್ಟಮ್ಮ ಹೌದೆಂದರು. ಮೇಷ್ಟ್ರು ಮಾತ್ರ ಸಕ್ಕರೆ ಚೆಲ್ಲೀತು ಅಂತ ಡಬ್ಬಿಯ ಮುಚ್ಚಳ ಭದ್ರ ಮಾಡುತ್ತಿದ್ದರು.

ರಸ್ತೆ ಚಿಹ್ನೆಗಳಿಗೆಲ್ಲ ಒಂದೊಂದು ಕತೆ ಕಟ್ಟಿದರು. ಚಿಹ್ನೆಗಳ ಪರೀಕ್ಷೆ ಚಿತ್ರ ನೋಡಿ ಬೆರಳಿಟ್ಟು ತೋರಿಸುವುದು. ಬೆಲ್ಟಮ್ಮ ಎರಡೇ ಎರಡು ತಪ್ಪಿನಲ್ಲಿ ಪಾಸಾಗಿ ಶಾಲೆಯ ಅಡುಗೆಯವರಿಗೂ ಮಿಠಾಯಿ ಹಂಚಿದರು. ಗಾಡಿ ಕೂಡ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡುತ್ತಿತ್ತು. ತಿರುವಿನಲ್ಲಿ ಮೆತ್ತಗೆ, ಸಿಗ್ನಲ್ಲಿನಲ್ಲಿ ಮೆತ್ತಗೆ, ಬಿಳಿ ಗೀಟಿನ ಮುಂದೆ ಅಂಗೈಯಗಲ ಬಿಟ್ಟು ನಿಲ್ಲುತ್ತಿತ್ತು. ಮೇಷ್ಟ್ರು ನೀಲಿ ಪುಸ್ತಕದಲ್ಲಿ ಬರೆದರು: "ಬ್ರೇಕು ಬಹಳ ಚೆನ್ನಾಗಿದೆ."

ಡ್ರೈವಿಂಗ್ ಪರೀಕ್ಷೆಯ ದಿನ ಮೇಷ್ಟ್ರ ಸೀಟಿನಲ್ಲಿ ಇನ್‌ಸ್ಪೆಕ್ಟರ್ ಕೂತರು. ಕಾಲು ಹಿಂದಕ್ಕೆಳೆದುಕೊಂಡು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಕೂರುವ ಮನುಷ್ಯ ಅವರು. ಮೇಷ್ಟ್ರು ಪರೀಕ್ಷೆಯ ಮೈದಾನದ ಕಾಂಪೌಂಡಿನ ಹತ್ತಿರ ನಿಂತರು. ಬೆಲ್ಟಮ್ಮ ಸುತ್ತು ಹೊಡೆದು ಬಂದು, ಬಿಳಿ ಗೀಟು ದಾಟಿ, ಇನ್ನೂ ಒಂದು ಕಾರಿನಷ್ಟು ಮುಂದೆ ಹೋಗಿ ನಿಂತರು. ಫೇಲು.

"ಇವತ್ತು ಬ್ರೇಕು ಗಟ್ಟಿ ಇತ್ತು ಮೇಷ್ಟ್ರೇ."

"ಭಯಕ್ಕೆ ಹಾಗನ್ನಿಸತ್ತಮ್ಮ. ಪರವಾಗಿಲ್ಲ ಬಿಡಿ."

ಮತ್ತೆ ಅಭ್ಯಾಸ. ಮತ್ತೆ ಕಾರು ಗೀಟಿನ ಮುಂದೆ ಅಂಗೈಯಗಲ ಬಿಟ್ಟು ನಿಂತಿತು, ಒಂದು ಸಲವಲ್ಲ, ಇಪ್ಪತ್ತು ಸಲ. ಎರಡನೇ ಪರೀಕ್ಷೆಯಲ್ಲಿ ಬೆಲ್ಟಮ್ಮ ಗೀಟು ದಾಟಿದ್ದಷ್ಟೇ ಅಲ್ಲ, ಆಚೆ ಇಟ್ಟಿದ್ದ ಪ್ಲಾಸ್ಟಿಕ್ ಡ್ರಮ್ಮನ್ನೂ ಉರುಳಿಸಿದರು. ಇನ್‌ಸ್ಪೆಕ್ಟರ್ ಕಾಗದದ ಮೇಲೆ ಬರೆಯುತ್ತಾ, "ಬ್ರೇಕ್ ಹಾಕೋದು ಮರೆತಿರಾ, ಇಲ್ಲಾ ಕಲಿತೇ ಇಲ್ವಾ?" ಅಂದರು. ಇನ್ನೊಂದು ಪರೀಕ್ಷೆಗೆ ಮೂರು ವಾರ ಕಾಯಬೇಕು. ಶಾಲೆ ತೆರೆಯುವುದು ಮೂರು ವಾರ ಮತ್ತು ಎರಡು ದಿನಕ್ಕೆ.

ಬೆಲ್ಟಮ್ಮ ಕಾಂಪೌಂಡಿನ ಬೆಂಚಿನ ಮೇಲೆ ಕೂತು ಕೈಗಡಿಯಾರ ಬಿಚ್ಚಿದರು, ಮತ್ತೆ ಕಟ್ಟಿದರು.

"ಟೀಚರ್ರು ಅವತ್ತು ಸರಿಯಾಗೇ ಹೇಳಿದ್ರು. ನನ್ನ ತಲೇನೇ ಹೀಗೆ. ಇವತ್ತೂ ಗಟ್ಟಿ ಇತ್ತು ಅಂದ್ರೆ ನೀವು ನಗ್ತೀರಿ. ಬಿಡಿ ಮೇಷ್ಟ್ರೇ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ಪುಣ್ಯಕ್ಕೆ ನುಂಗಿಕೊಂಡರು. ಎರಡು ಸಲ ಒಂದೇ ಮಾತು ಹೇಳುತ್ತಿದ್ದಾರೆ ಅಂದರೆ ಒಂದು ಸಲ ನೋಡಿಯೇಬಿಡೋಣ ಅಂತ ಕಾರನ್ನು ನೇರವಾಗಿ ಗ್ಯಾರೇಜಿಗೆ ಒಯ್ದರು.

ಗ್ಯಾರೇಜು ಭಾವಮೈದನದು, ಅಂದರೆ ಹೆಂಡತಿಯ ತಮ್ಮನದು. ಅವನು ಕಾರಿನಡಿ ಮಲಗಿ, ಎದ್ದು, ಕೂತು, ನಿಂತು, ಎಲ್ಲ ನೋಡಿದ.

"ಬ್ರೇಕು ಬಂಗಾರದಂಗಿದೆ ಭಾವ. ಆದ್ರೆ ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಈ ಕಾರನ್ನ ಓಡಿಸೋರು ಯಾರು?"

"ಇದೇನು ಪ್ರಶ್ನೆಯೋ? ಕಲಿಯೋರು ಓಡಿಸ್ತಾರೆ."

"ಹಂಗಾದ್ರೆ ಇಲ್ಲಿ ಬನ್ನಿ. ಎರಡೂ ಪೆಡಲ್‌ಗೂ ಹೊಸ ರಬ್ಬರು ಹಾಕಿದ್ದು ಹೋದ ವರ್ಷ, ಒಂದೇ ದಿನ, ನಾನೇ ಹಾಕಿದ್ದು."

ಮೇಷ್ಟ್ರು ಬಗ್ಗಿ ನೋಡಿದರು. ಕಲಿಯುವವರ ಬ್ರೇಕಿನ ರಬ್ಬರಿನ ಮೇಲೆ ಗೆರೆಗಳು ಇನ್ನೂ ಎದ್ದು ಕಾಣುತ್ತಿದ್ದವು. ಮೇಷ್ಟ್ರ ಬ್ರೇಕಿನ ರಬ್ಬರು ಬೋಳುತಲೆಯ ಹಾಗೆ ನುಣ್ಣಗಾಗಿ, ಮೂಲೆಯಲ್ಲಿ ಕಬ್ಬಿಣ ಇಣುಕುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಷ್ಟ್ರು ತಮ್ಮ ಚಪ್ಪಲಿ ತಿರುಗಿಸಿ ನೋಡಿಕೊಂಡರು. ಅಡಿಯಲ್ಲಿ ಒಂದೇ ಕಡೆ ಸವೆದು ಗುಳಿ ಬಿದ್ದಿತ್ತು.

"ನಾನು ಬ್ರೇಕ್ ಒತ್ತೋದು ಯಾವಾಗಲಾದ್ರೂ ಒಮ್ಮೆ ಕಣೋ. ತೀರಾ ಅಪಾಯ ಆದಾಗ."

"ಅದನ್ನ ನಿಮ್ಮ ಕಾಲಿಗೆ ಹೇಳಿ ಭಾವ," ಅಂತ ನಕ್ಕ ಭಾವಮೈದ. "ನಮ್ಮಕ್ಕ ಯಾವತ್ತೋ ಹೇಳಿದ್ಲು, ನಿಮ್ಮ ಕಾಲು ನಿಮ್ಮನ್ನ ಕೇಳಲ್ಲ ಅಂತ."

ಮೇಷ್ಟ್ರಿಗೆ ನಗು ಬರಲಿಲ್ಲ. ಗ್ಯಾರೇಜಿನ ಹಳೇ ಟೈರಿನ ಮೇಲೆ ಕೂತು ನೀಲಿ ಪುಸ್ತಕ ತೆರೆದರು. ಚುರುಕಾಗಿ ಕಲಿತವರೆಲ್ಲ ಒಂದೇ ಸಲಕ್ಕೆ ಪಾಸು; ಅವರ ಬ್ರೇಕಿಗೆ ಮೇಷ್ಟ್ರ ಕಾಲು ಬೇಕಿರಲಿಲ್ಲ. ಯಾರ ಪುಟದಲ್ಲಿ ತಾವು ಹೆಚ್ಚು ಬರೆದಿದ್ದರೋ, ಯಾರಿಗೆ ಕಷ್ಟವಾಗುತ್ತದೆ ಅಂತ ಹೆಚ್ಚು ಮರುಗಿದ್ದರೋ, ಅವರೇ ಮೂರು ಸಲ, ನಾಲ್ಕು ಸಲ ಫೇಲಾದವರು. ಕರುಣೆ ಹೆಚ್ಚಾದಷ್ಟೂ ಮೇಷ್ಟ್ರ ಕಾಲು ಮೊದಲೇ ಇಳಿಯುತ್ತಿತ್ತು. ಕಲಿಯುವವರ ಕಾಲು ಪೆಡಲಿನ ಮೇಲೆ ಕೂರುವಷ್ಟರಲ್ಲಿ ಪೆಡಲು ತಾನಾಗಿ ಕೆಳಗೆ ಹೋಗುತ್ತಿತ್ತು, ಅವರು ತಾವೇ ಒತ್ತಿದೆವು ಅಂದುಕೊಳ್ಳುತ್ತಿದ್ದರು. ಸೋದರಮಾವ ಮೊಟಕಿ ಕೆಡಿಸಿದ್ದ, ತಾನು ಮುದ್ದು ಮಾಡಿ ಕೆಡಿಸಿದೆ ಅನ್ನಿಸಿ ಮೇಷ್ಟ್ರಿಗೆ ಮುಖ ಎತ್ತಲಾಗಲಿಲ್ಲ. ಅವಮಾನ ಅನ್ನುವುದು ಅವರಿಗೆ ಹೊಸದಲ್ಲ. ಆದರೆ ಈ ಸಲ ಅದನ್ನು ಮಾಡಿಕೊಂಡವರು ತಾವೇ ಆಗಿದ್ದರು.

ಮರುದಿನ ಬೆಳಗ್ಗೆ ಬೆಲ್ಟಮ್ಮನನ್ನು ಕರೆಸಿ ಎರಡೂ ರಬ್ಬರು ತೋರಿಸಿ ಇದ್ದದ್ದು ಇದ್ದ ಹಾಗೆ ಹೇಳಿದರು. ಬೆಲ್ಟಮ್ಮನ ಕೋಪ ನೆತ್ತಿಗೇರಿತು.

"ಅಂದ್ರೆ ಮೂರು ತಿಂಗಳಿಂದ ನಾನು ಓಡಿಸಿದ್ದು ನಿಮ್ಮ ಕಾಲಲ್ಲಾ? ಬ್ರೇಕು ಅಂದ್ರೆ ಹತ್ತಿ ಇದ್ದ ಹಾಗೆ, ಮುಟ್ಟಿದ್ರೆ ಸಾಕು ಇಳಿಯತ್ತೆ ಅಂದ್ಕೊಂಡಿದ್ದೆ ನಾನು! ಅದಕ್ಕೇ ಅಲ್ಲಿ ಗಟ್ಟಿ ಅನ್ನಿಸಿದ್ದು. ನನ್ನ ತಲೆ ಸರಿ ಇಲ್ಲ ಅಂತ ಎರಡು ರಾತ್ರಿ ಅತ್ತಿದೀನಿ ಮೇಷ್ಟ್ರೇ!"

"ತಪ್ಪಾಯ್ತಮ್ಮ. ನಿಮ್ಮ ತಲೆ ಸರಿಯಾಗೇ ಇದೆ. ಸರಿ ಇಲ್ಲದ್ದು ನನ್ನ ಕಾಲು."

ಇಷ್ಟು ವಯಸ್ಸಾದವರು ಕೈಕಟ್ಟಿ ನಿಂತದ್ದು ನೋಡಿ ಬೆಲ್ಟಮ್ಮನ ಕೋಪ ಅರ್ಧಕ್ಕೆ ಇಳಿಯಿತು. ಆಮೇಲೆ ಅವರಿಗೆ ನಗು ಬಂತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವುದು ಕೇಳಿದ್ದೆ, ಇಲ್ಲಿ ಇಬ್ಬರೂ ಸೇರಿ ಒಂದೇ ಕಡೆಗೆ ಎಳೆದು ಹಳ್ಳಕ್ಕೆ ಬಿದ್ದೆವಲ್ಲ ಅಂತ ನಕ್ಕರು. ನಕ್ಕು ಮುಗಿಸಿ ತಮ್ಮ ವ್ಯಾನಿನ ಸಂಗತಿ ಹೇಳಿದರು.

"ನಮ್ಮಲ್ಲಿ ಒಂದು ಹೆಣ್ಣು ಮಗು ಇದೆ ಮೇಷ್ಟ್ರೇ. ಬೆರಳು ಅವಳ ಮಾತು ಕೇಳಲ್ಲ. ಬೆಲ್ಟು ಸಿಕ್ಕಿಸೋಕೆ ಹತ್ತು ನಿಮಿಷ. ಮುಂದೆ ಡ್ರೈವರಣ್ಣ ಹಾರ್ನ್ ಮೇಲೆ ಹಾರ್ನ್. ನಾನು ಹಾಕಿದ್ರೆ ಒಂದು ಕ್ಷಣದ ಕೆಲಸ. ಮೊದಲನೇ ವರ್ಷ ಹಾಕ್ತಾನೇ ಇದ್ದೆ. ಒಂದು ದಿನ ನಾನು ರಜಾ ಹಾಕಿದ್ದೆ. ಅವಳು ಬೆಲ್ಟ್ ಇಲ್ಲದೇನೇ ಕೂತು ದಾರಿ ಉದ್ದಕ್ಕೂ ಅತ್ತಳಂತೆ. ಅವತ್ತಿಂದ ನಾನು ನನ್ನ ಎರಡು ಕೈ ಮೇಲೇ ಕೂತ್ಕೋತೀನಿ."

"ಕೈ ಮೇಲೆ?"

"ಹೂಂ. ಹೀಗೆ, ತೊಡೆ ಕೆಳಗೆ ಇಟ್ಕೊಂಡು. ಇಲ್ಲಾಂದ್ರೆ ಅವು ತಾವೇ ಹೋಗಿ ಹಾಕ್ಬಿಡತ್ವೆ. ಎಂಟು ತಿಂಗಳಾಯ್ತು. ಈಗ ಅವಳೇ ಹಾಕ್ಕೊಂಡು ಪಕ್ಕದವಳಿಗೂ ಹಾಕ್ತಾಳೆ. ನೀವೂ ಕಾಲು ಮೇಲೆತ್ತಿ ಕೂತ್ಕೊಳ್ಳಿ ಮೇಷ್ಟ್ರೇ. ಚಕ್ಕಳಮಕ್ಕಳ ಹಾಕಿ."

ಇಪ್ಪತ್ತಾರು ವರ್ಷ ಕಲಿಸಿದ ಮೇಲೆ ಮೇಷ್ಟ್ರಿಗೆ ಒಬ್ಬ ಮೇಷ್ಟ್ರು ಸಿಕ್ಕಿದ್ದರು. ಅವರು ನೀಲಿ ಪುಸ್ತಕದಲ್ಲಿ ಹೊಸ ಪುಟ ತೆರೆದು, ವಿದ್ಯಾರ್ಥಿಯ ಹೆಸರಿನ ಜಾಗದಲ್ಲಿ "ನಾನು" ಅಂತ ಬರೆದುಕೊಂಡರು.

ರಸ್ತೆಯಲ್ಲಿ ಕಾಲು ಎತ್ತಿ ಕೂರುವುದು ಸರಿಯಲ್ಲ, ಜೀವದ ಪ್ರಶ್ನೆ. ಅದಕ್ಕೆ ಭಾವಮೈದ ಒಂದು ಉಪಾಯ ಮಾಡಿಕೊಟ್ಟ. ಎರಡನೇ ಬ್ರೇಕಿಗೆ ಒಂದು ಬಜರ್ ಕೂಡಿಸಿದ. ಮೇಷ್ಟ್ರ ಕಾಲು ತಗುಲಿದರೆ ಸಾಕು, "ಕೀಂಯ್" ಅನ್ನುತ್ತದೆ. ಯಾರು ನಿಲ್ಲಿಸಿದರು ಅನ್ನುವುದು ಇಬ್ಬರಿಗೂ ಗೊತ್ತಾಗಬೇಕು, ಅಷ್ಟೇ. ಕೀಂಯ್ ಅಂದಾಗಲೆಲ್ಲ ಪಾಠ ಮುಗಿದ ಮೇಲೆ ಬೆಲ್ಟಮ್ಮ ನೀಲಿ ಪುಸ್ತಕದಲ್ಲಿ ಮೇಷ್ಟ್ರ ಪುಟಕ್ಕೆ ಗೀಟು ಎಳೆಯುವುದು ಅಂತ ಒಪ್ಪಂದವಾಯಿತು. ಅಕ್ಷರ ಇರುವೆಯಂತೆ ಹರಿದರೇನಂತೆ, ಗೀಟು ಎಳೆಯಲು ಬರುತ್ತದಲ್ಲ.

ಮೊದಲ ದಿನ ಕಾರು ಬೀದಿ ತುಂಬ ಕೀಂಯ್ ಕೀಂಯ್ ಅನ್ನುತ್ತಾ ಹೋಯಿತು. ಮಹಡಿಗಳ ಕಿಟಕಿ ತೆರೆದವು. ಮೇಷ್ಟ್ರ ಮುಖ ಕೆಂಪಾಗಿ, ಕಿವಿ ಕೆಂಪಾಗಿ, ಕೊನೆಗೆ ಬೆವರಿಳಿಯಿತು. ಅರವತ್ತಮೂರು ಗೀಟು. "ಫೇಲು," ಅಂದರು ಬೆಲ್ಟಮ್ಮ. "ಪರವಾಗಿಲ್ಲ ಬಿಡಿ," ಅಂತಲೂ ಸೇರಿಸಿದರು.

ಬೀದಿಯ ತುದಿಯ ಖಾಲಿ ಮೈದಾನದಲ್ಲಿ ಮಾತ್ರ ಮೇಷ್ಟ್ರು ಚಪ್ಪಲಿ ಬಿಚ್ಚಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮುಂದೆ ಗೀಟಿನ ಬದಲು ಮನೆಯಿಂದ ತಂದ ಪ್ಲಾಸ್ಟಿಕ್ ಬಕೆಟ್ಟುಗಳು. ಬೆಲ್ಟಮ್ಮನ ಕಾಲಿಗೆ ನಿಜವಾದ ಬ್ರೇಕಿನ ಗಟ್ಟಿತನ ಅವತ್ತು ಮೊದಲ ಸಲ ಸಿಕ್ಕಿತು. ಮೊದಲ ಬಕೆಟ್ಟು ಚಪ್ಪಟೆಯಾಯಿತು. ಎರಡನೆಯದು ಹಾರಿತು. ಮೇಷ್ಟ್ರು ಎರಡೂ ಕೈಯಲ್ಲಿ ತಮ್ಮ ಕಾಲ್ಬೆರಳು ಹಿಡಿದುಕೊಂಡು ಕಣ್ಣು ಮುಚ್ಚಿದರು. ಏನೂ ಆಗಿಲ್ಲ, ಬಕೆಟ್ಟಷ್ಟೇ ಹೋದದ್ದು ಅಂತ ತಿಳಿದರೂ, ಒಬ್ಬರು ತಪ್ಪು ಮಾಡುವುದನ್ನು ಸುಮ್ಮನೆ ಕೂತು ನೋಡುವುದು ಇಷ್ಟು ಕಷ್ಟ ಅಂತ ಅವರಿಗೆ ಗೊತ್ತೇ ಇರಲಿಲ್ಲ.

"ಎಷ್ಟು ಹೋದ್ವು?" ಅಂತ ಹೆಂಡತಿ ಬಾಗಿಲಲ್ಲೇ ಕೇಳಿದರು.

"ನಾಲ್ಕು."

"ಒಳ್ಳೇದಾಯ್ತು. ಹದಿನೈದು ವರ್ಷದ ಹಿಂದೆ ಒಂದಾದ್ರೂ ಬಕೆಟ್ಟು ಒಡೆದಿದ್ರೆ ಚೆನ್ನಾಗಿತ್ತು," ಅಂತ ಆಕೆ ಒಳಗೆ ಹೋದರು. ಮೇಷ್ಟ್ರು ಬಕೆಟ್ಟಿನ ಚೂರು ಎತ್ತಿಡುವುದರಲ್ಲಿದ್ದರು, ಆ ಮಾತಿಗೆ ಕಿವಿ ಕೊಡಲಿಲ್ಲ.

ಗೀಟುಗಳು ಇಳಿದವು, ಹತ್ತಿದವು, ಮತ್ತೆ ಇಳಿದವು. ನಲವತ್ತು, ನಲವತ್ತೊಂದು, ಇಪ್ಪತ್ತೆರಡು. ಎರಡನೇ ವಾರದಲ್ಲಿ ಓಣಿಯಿಂದ ಒಂದು ಸ್ಕೂಟರು ನುಗ್ಗಿತು, ಮೇಷ್ಟ್ರು ಬ್ರೇಕು ಒತ್ತಿದರು, ಬಜರ್ ಕೂಗಿತು. ಬೆಲ್ಟಮ್ಮ ಆ ಗೀಟು ಎಳೆಯಲು ಒಪ್ಪಲಿಲ್ಲ. "ಅದು ನ್ಯಾಯವಾದ ಬ್ರೇಕು ಮೇಷ್ಟ್ರೇ, ಲೆಕ್ಕಕ್ಕಿಲ್ಲ," ಅಂದರು. ಬೇಕಾದಾಗ ಒತ್ತುವ ಕಾಲು ಬೇರೆ, ಸುಮ್ಮನೆ ಇರಲಾರದ ಕಾಲು ಬೇರೆ ಅನ್ನುವುದು ಆ ಬಜರಿಗಿಂತ ಚೆನ್ನಾಗಿ ಬೆಲ್ಟಮ್ಮನಿಗೆ ಗೊತ್ತಿತ್ತು. ಮೂರನೇ ವಾರದ ಕೊನೆಗೆ ಇಡೀ ಬೆಳಗ್ಗೆ ಒಂದೂ ಗೀಟಿರಲಿಲ್ಲ. ಮೈದಾನದಲ್ಲಿ ಐದನೇ ಬಕೆಟ್ಟು ಅಂಗೈಯಗಲ ದೂರದಲ್ಲಿ ಕ್ಷೇಮವಾಗಿ ನಿಂತಿತ್ತು.

ಮೂರನೇ ಪರೀಕ್ಷೆಯ ದಿನ ಬಜರ್ ಬಿಚ್ಚಿಟ್ಟು ಬಂದರು. ಇನ್‌ಸ್ಪೆಕ್ಟರ್ ಕಾಲು ಹಿಂದಕ್ಕೆಳೆದುಕೊಂಡು ಕೂತರು. ಮೇಷ್ಟ್ರು ಕಾಂಪೌಂಡಿನ ಬೆಂಚಿನ ಹತ್ತಿರ ಹೋಗಿ, ಸುತ್ತ ಇದ್ದವರ ಮುಲಾಜು ನೋಡದೆ ಚಪ್ಪಲಿ ಬಿಚ್ಚಿ ಚಕ್ಕಳಮಕ್ಕಳ ಹಾಕಿದರು.

ಕಾರು ಹೊರಟಿತು. ಇಷ್ಟು ದೂರಕ್ಕೂ ಬೆಲ್ಟಮ್ಮನ ಬಾಯಿ ಆಡುತ್ತಿರುವುದು ಕಾಣುತ್ತಿತ್ತು. ಕನ್ನಡಿ ನೋಡಿದೆ, ಯಾರೂ ಇಲ್ಲ, ವಾಚಿನ ಕಡೆ ತಿರುಗಿದೆ. ಸುತ್ತು ಮುಗಿಸಿ ಗೀಟಿನ ಕಡೆ ಬರುವಷ್ಟರಲ್ಲಿ, ಏರಿನಲ್ಲಿ ನಿಂತಿದ್ದ ಇನ್ನೊಬ್ಬ ಅಭ್ಯರ್ಥಿಯ ಕಾರು ಹಿಂದಕ್ಕೆ ಉರುಳತೊಡಗಿತು. ನೇರ ಬೆಲ್ಟಮ್ಮನ ದಾರಿಗೆ. ಇನ್‌ಸ್ಪೆಕ್ಟರ ಕೈಯಿಂದ ಕಾಗದ ಜಾರಿತು. ಮೇಷ್ಟ್ರ ಪಾದ ಕೆಳಗಿಳಿಯಲು ನೋಡಿತು. ಅವರು ಎರಡೂ ಕೈಯಲ್ಲಿ ಅದನ್ನು ಅಮುಕಿ ಹಿಡಿದರು. ಇದು ನಿಮ್ಮದಮ್ಮ, ಇದು ನಿಮ್ಮದು, ಅಂತ ಬಾಯಲ್ಲೇ ಅಂದುಕೊಂಡರು.

ಬೆಲ್ಟಮ್ಮನ ಕಾರು ಒಮ್ಮೆ ಮೂಗು ತಗ್ಗಿಸಿ ನಿಂತಿತು. ಉರುಳಿ ಬಂದ ಕಾರು ಅದರಿಂದ ಒಂದು ಮೊಳ ದೂರಕ್ಕೆ ಬಂದು, ಅದರ ಡ್ರೈವರಿಗೆ ಬುದ್ಧಿ ಬಂದು, ತಾನೂ ನಿಂತಿತು. ಬೆಲ್ಟಮ್ಮ ಹಾರ್ನು ಒತ್ತಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಆ ಹುಡುಗನಿಗೆ, "ಪರವಾಗಿಲ್ಲ ಬಿಡಪ್ಪಾ, ನಿಧಾನ!" ಅಂದರು. ಆ ಕಾರು ದಾರಿ ಬಿಟ್ಟ ಮೇಲೆ ಕನ್ನಡಿ ನೋಡಿ, ಮುಂದೆ ಬಂದು, ಬಿಳಿ ಗೀಟಿಗೆ ಅಂಗೈಯಗಲ ಬಿಟ್ಟು ನಿಂತರು.

ಇನ್‌ಸ್ಪೆಕ್ಟರ್ ಇಳಿದು ಕಾಗದಕ್ಕೆ ಸಹಿ ಹಾಕಿದರು. ಬೆಂಚಿನ ಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದ ಮೇಷ್ಟ್ರನ್ನು ನೋಡಿ, "ಇವರ್ಯಾಕೆ ಹೀಗೆ ಕೂತಿದಾರೆ?" ಅಂತ ಕೇಳಿದರು.

"ಅವರದೂ ಇವತ್ತು ಪರೀಕ್ಷೆ ಸಾರ್," ಅಂದರು ಬೆಲ್ಟಮ್ಮ. "ಅವರೂ ಪಾಸು."

ಎರಡು ದಿನದ ಮೇಲೆ ಶಾಲೆ ತೆರೆಯಿತು. ಬೆಳಗ್ಗೆ ಎಂಟಕ್ಕೆ ವ್ಯಾನು ಮೇಷ್ಟ್ರ ಮನೆಯ ಮುಂದೆ ಬಂದು ವೇಗ ಇಳಿಸಿತು. ಒಳಗೆ ಹೊಸ ಆಯಾ, ಹನ್ನೊಂದು ಮಕ್ಕಳು, ಮುಂದೆ ಕೈಗೆ ವಾಚು ಕಟ್ಟಿದ ಬೆಲ್ಟಮ್ಮ, ಸ್ಟೇರಿಂಗಿನ ನೆತ್ತಿಗೆ ಹಳದಿ ಟೇಪು. "ಬೆಲ್ಟು!" ಅಂತ ಮಕ್ಕಳೇ ಮೇಷ್ಟ್ರ ಕಡೆಗೆ ಕೂಗಿದರು. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಗಂಡ ಹೆಂಡತಿ ಗೇಟಿನಲ್ಲಿ ನಿಂತಿದ್ದರು.

ಆಮೇಲೆ ಆಕೆ ಒಳಗೆ ಹೋಗಿ ಕಾರಿನ ಕೀಲಿ ತಂದು ಮೇಷ್ಟ್ರ ಮುಂದೆ ಹಿಡಿದರು.

"ಈಗ ಪಾಠ ಯಾರದಾದ್ರೂ ಇದೆಯಾ?"

"ಇಲ್ಲ. ಯಾಕೆ?"

"ನನಗೆ ಬೇಕು."

"ನಿನಗಾ? ನೀನು ಅವತ್ತು ಆಸಕ್ತಿ ಇಲ್ಲ ಅಂತ..."

"ಆಸಕ್ತಿ ಇಲ್ಲ ಅಂತ ನಾನು ಯಾವಾಗ ಹೇಳ್ದೆ? ಅದನ್ನ ನೀವು ಬರ್ಕೊಂಡ್ರಿ. ಗಾಡಿ ನನ್ನ ಮಾತು ಕೇಳಲ್ಲ ಅಂತ ನಾನು ಹೇಳಿದ್ದು. ನಾನು ಕಾಲಿಡೋಕೆ ಮುಂಚೆನೇ ಅದು ನಿಂತಿರ್ತಿತ್ತು. ಇಪ್ಪತ್ತೆಂಟು ದಿನ ಕಾದೆ ರೀ, ಒಂದು ಸಲನಾದ್ರೂ ನಾನು ನಿಲ್ಲಿಸ್ತೀನಾ ಅಂತ."

ದೀಪದ ಬುಡದಲ್ಲಿ ಕತ್ತಲೆ ಅನ್ನುವುದನ್ನು ಮೇಷ್ಟ್ರು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದರು. ಒಳಗೆ ಹೋಗಿ ನೀಲಿ ಪುಸ್ತಕದಲ್ಲಿ ಹದಿನೈದು ವರ್ಷದ ಹಿಂದಿನ ಆ ಪುಟ ಹುಡುಕಿ ಎರಡು ಪದಗಳನ್ನೂ ಹೊಡೆದು ಹಾಕಿದರು. ಕೆಳಗೆ ಏನು ಬರೆಯಬೇಕೆಂದು ತೋಚದೆ, ಒಂದು ಗೀಟು ಎಳೆದರು. ತಮ್ಮ ಲೆಕ್ಕಕ್ಕೆ.

ಮೈದಾನದವರೆಗೆ ಮೇಷ್ಟ್ರೇ ಓಡಿಸಿದರು. ಅಲ್ಲಿ ಜಾಗ ಬದಲಾಯಿಸಿದರು. ಆಕೆ ಸೀಟು ಮುಂದಕ್ಕೆಳೆದು, ಬೆಲ್ಟು ಹಾಕಿ, ಮೂರೂ ಕನ್ನಡಿ ಸರಿಮಾಡಿಕೊಂಡರು. ಯಾರೂ ಹೇಳಿಕೊಡಲಿಲ್ಲ; ಊಟದ ಮೇಜಿನ ಮೇಲೆ ಅದೆಷ್ಟು ಸಂಜೆ ಕಲಿತಿದ್ದರೋ. ಮನೆಯಲ್ಲಿ ಉಳಿದಿದ್ದ ಕೊನೆಯ ಬಕೆಟ್ಟನ್ನು ತಂದು ದೂರದಲ್ಲಿ ನಿಲ್ಲಿಸಿದ್ದರು.

"ಕಾಲು," ಅಂದರು ಆಕೆ, ಮುಂದೆ ನೋಡುತ್ತಲೇ.

ಮೇಷ್ಟ್ರು ಚಪ್ಪಲಿ ಬಿಚ್ಚಿ, ಎರಡೂ ಕಾಲು ಮೇಲೆತ್ತಿ ಕೂತರು. ಆಕೆ ಗಾಡಿ ಚಾಲೂ ಮಾಡಿದರು.